ಬಿ.ಎಂ. ರಸ್ತೆಯಲ್ಲಿ ಜನರಿಗೂ ಜಾಗ: ಅಗಲ ಜಾಸ್ತಿಯಾದ ರಸ್ತೆಯನ್ನು ಬದಲಿಸುವ ಬಗೆ

ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಕಾಲಕ್ಕೆ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಲಾರಿ, ಬಸ್ಸು, ಟ್ಯಾಂಕರ್ ಎಲ್ಲವೂ ಊರಿನ ನಡುವೆಯೇ ಹಾಯುತ್ತಿದ್ದವು. ಆಗ ಅದು ರಾಷ್ಟ್ರೀಯ ಹೆದ್ದಾರಿ 48. ಈಗ ಹೆದ್ದಾರಿಯ ನಂಬರು 75 ಆಗಿದೆ, ದೂರದ ಗಾಡಿಗಳು ಬೈಪಾಸ್ ಹಿಡಿಯುತ್ತವೆ. ಊರೊಳಗಿನ ರಸ್ತೆ ಮಾತ್ರ ಇನ್ನೂ ಹೆದ್ದಾರಿಯ ಮೈಕಟ್ಟಿನಲ್ಲೇ ಉಳಿದಿದೆ.

ಸಂಜೆ ಹೊತ್ತು ಎನ್.ಆರ್. ಸರ್ಕಲ್ ಕಡೆ ಹತ್ತು ನಿಮಿಷ ನಿಂತು ನೋಡಿ. ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಡಾಂಬರಿನ ಮೇಲೆ ಒಂದು ಕಾಲಿಡುತ್ತಾರೆ. ಬೈಕ್ ಬರುತ್ತದೆ, ಕಾಲು ಹಿಂದಕ್ಕೆ. ಮತ್ತೆ ಇಡುತ್ತಾರೆ, ಆಟೊ ಬರುತ್ತದೆ. ಕೊನೆಗೆ ಯಾರೋ ಕಾಲೇಜು ಹುಡುಗಿ ಕೈ ಅಡ್ಡ ಹಿಡಿದು ದಾಟಿಸುತ್ತಾಳೆ. ರಸ್ತೆ ಇಷ್ಟು ದೊಡ್ಡದಿದ್ದರೂ ಆ ಅಜ್ಜಿಗೆ ನಿಲ್ಲಲು ಒಂದು ಗಟ್ಟಿ ಜಾಗ ಇಲ್ಲ. ಹಾಸನವನ್ನು ನಾವೇ ಬಡವರ ಊಟಿ ಅಂತ ಕರೆಯುತ್ತೇವೆ. ವರ್ಷದ ಮುಕ್ಕಾಲು ಭಾಗ ಸಂಜೆ ಹೊರಗೆ ಕೂರುವಂಥ ಹವೆ ಇರುವ ಊರು ಇದು. ಮುಖ್ಯ ರಸ್ತೆಯಲ್ಲಿ ಕೂರಲು ಜಾಗ ಎಲ್ಲಿದೆ ಹೇಳಿ?

ಇದನ್ನು ಬದಲಿಸಬಹುದು. ಭೂಸ್ವಾಧೀನ ಬೇಡ, ಕಟ್ಟಡ ಒಡೆಯುವುದೂ ಬೇಡ. ಇರುವ ಅಗಲವನ್ನೇ ಬೇರೆ ಥರ ಹಂಚಬೇಕು. ಹಂಚುವಾಗ ಒಂದು ಕ್ರಮ ತಪ್ಪಬಾರದು: ಅಂಗಡಿ ಬಾಗಿಲಿನಿಂದ ಶುರು ಮಾಡಿ ರಸ್ತೆಯ ನಡುವಿಗೆ ಬನ್ನಿ. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ. ಮೊದಲು ಗಾಡಿಗಳಿಗೆ ಬೇಕಾದಷ್ಟು ತೆಗೆದಿಟ್ಟು, ಕೊನೆಗೆ ಉಳಿದ ಮೂರು ಅಡಿಯಲ್ಲಿ ಫುಟ್‌ಪಾತ್, ಕರೆಂಟ್ ಕಂಬ, ಚರಂಡಿ, ಮರ ಎಲ್ಲವನ್ನೂ ತುರುಕುತ್ತೇವೆ. ಆಮೇಲೆ ಜನ ರಸ್ತೆಯಲ್ಲಿ ನಡೆಯುತ್ತಾರೆ ಅಂತ ಬೈಯುತ್ತೇವೆ.

ಈ ಬರಹ ಯಾವುದಾದರೂ ವಾರ್ಡಿನ ನಿವಾಸಿಗಳು, ವರ್ತಕರ ಸಂಘದವರು, ವಾರ್ಡ್ ಸದಸ್ಯರು, ಸಿವಿಲ್ ಓದುವ ಹುಡುಗರು ಸೇರಿ ಕೈಗೆತ್ತಿಕೊಳ್ಳಲಿ ಎಂದು ಬರೆದದ್ದು. ಬಿ.ಎಂ. ರಸ್ತೆ ಇಲ್ಲಿ ಉದಾಹರಣೆ. ಸಾಲಗಾಮೆ ರಸ್ತೆಗೋ ನಿಮ್ಮೂರಿನ ಇನ್ನೊಂದು ದೊಡ್ಡ ರಸ್ತೆಗೋ ಇದೇ ದಾರಿ ಹೊಂದುತ್ತದೆ.

ಮೊದಲು ರಸ್ತೆ ಯಾರದು ಅಂತ ತಿಳಿಯಿರಿ

ಇಡೀ ರಸ್ತೆಯನ್ನು ಒಟ್ಟಿಗೆ ಹಿಡಿಯಬೇಡಿ. ಎರಡು ಸರ್ಕಲ್ ನಡುವಿನ ಒಂದು ತುಂಡು ಸಾಕು, ಅರ್ಧದಿಂದ ಒಂದು ಕಿಲೋಮೀಟರ್. ಜನ ಜಾಸ್ತಿ ನಡೆದಾಡುವ ತುಂಡನ್ನೇ ಆರಿಸಿ: ಬಸ್ ನಿಲ್ದಾಣ, ಕಚೇರಿ, ಮಾರುಕಟ್ಟೆ, ಶಾಲೆ ಹತ್ತಿರದ್ದು.

ಆ ತುಂಡು ನಗರಾಡಳಿತದ್ದೋ, ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿಯವರದೋ? ಹೀಗೇ ಇರಬಹುದು ಅಂತ ಊಹಿಸಿಕೊಂಡು ಹೊರಟರೆ ಅರ್ಜಿ ಹಿಡಿದು ಆರು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಬರಹದಲ್ಲಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕೇಳಬೇಕಾದ್ದು ಮೂರೇ: ರಸ್ತೆಯ ಒಡೆತನ ಯಾರದು, ದಾಖಲೆಯಲ್ಲಿ ಗಡಿಯಿಂದ ಗಡಿಗೆ ಅಗಲ ಎಷ್ಟು, ಸದ್ಯಕ್ಕೆ ಯಾವ ಕಾಮಗಾರಿ ಮಂಜೂರಾಗಿದೆ. ಹಾಗೆಯೇ ಹಾಸನ ನಗರಾಭಿವೃದ್ಧಿ ಪ್ರಾಧಿಕಾರದ (ಹುಡಾ) ಕಚೇರಿಯಲ್ಲಿ ಮಹಾಯೋಜನೆಯ ನಕ್ಷೆ ನೋಡಿ. ಅದರಲ್ಲಿ ಆ ರಸ್ತೆಯನ್ನು ಇನ್ನೂ ಅಗಲ ಮಾಡುವ ಗೆರೆ ಇದ್ದರೆ ಈಗಲೇ ಗೊತ್ತಾಗುವುದು ಒಳ್ಳೆಯದು.

ಟೇಪು ಹಿಡಿಯಿರಿ

ಈ ಕೆಲಸಕ್ಕೆ ಸಮಯ ಕೊಡಿ. ಮುಂದಿನ ಎಲ್ಲ ವಾದವೂ ಇಲ್ಲಿ ಸಿಗುವ ಅಂಕಿಗಳ ಮೇಲೇ ನಿಲ್ಲುತ್ತದೆ. ಭಾನುವಾರ ಬೆಳಗ್ಗೆ ಆರಕ್ಕೆ ಹೋದರೆ ಗಾಡಿ ಕಡಿಮೆ. 30 ಮೀಟರ್ ಟೇಪು, ಸೀಮೆಸುಣ್ಣ, ಪ್ಯಾಡು, ನಾಲ್ಕು ಜನ, ಹೊಳೆಯುವ ಜಾಕೆಟ್. ಪ್ರತಿ 50 ಮೀಟರಿಗೆ ಒಂದು ಅಡ್ಡ ಅಳತೆ ತೆಗೆಯಿರಿ: ಕಟ್ಟಡದಿಂದ ಚರಂಡಿ, ಚರಂಡಿಯಿಂದ ಕರ್ಬ್ ಕಲ್ಲು (ಫುಟ್‌ಪಾತಿನ ಅಂಚಿನ ಕಲ್ಲು), ಕರ್ಬಿನಿಂದ ಡಿವೈಡರ್, ಆಮೇಲೆ ಆಚೆ ಬದಿ. ಕಂಬ, ಟ್ರಾನ್ಸ್‌ಫಾರ್ಮರ್, ಮರ, ಮ್ಯಾನ್‌ಹೋಲ್, ಒಡೆದ ಸ್ಲ್ಯಾಬ್ ಎಲ್ಲವನ್ನೂ ಗುರುತು ಹಾಕಿ. ಮರದ ಬುಡಕ್ಕೆ ಕಾಂಕ್ರೀಟ್ ಮೆತ್ತಿದ್ದರೆ ಅದನ್ನೂ ಬರೆದುಕೊಳ್ಳಿ.

ಫುಟ್‌ಪಾತಿನ ಒಟ್ಟು ಅಗಲ ಬರೆದರೆ ಸಾಲದು. ತಡೆ ಇಲ್ಲದೆ ನಡೆಯಲು ಸಿಗುವ ಅಗಲ ಎಷ್ಟು ಅನ್ನುವುದು ಬೇರೆ ಲೆಕ್ಕ. ಎಂಟು ಅಡಿ ಫುಟ್‌ಪಾತಿನ ನಡುವೆ ಟ್ರಾನ್ಸ್‌ಫಾರ್ಮರ್ ಕೂತಿದ್ದರೆ ನಡೆಯುವವರಿಗೆ ಸಿಗುವುದು ಎರಡೇ ಅಡಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಪಾದಚಾರಿ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ತಲೆ ಮೇಲೆ 2.2 ಮೀಟರ್ ಖಾಲಿ ಇರಬೇಕು ಎನ್ನುತ್ತದೆ. ಅಂಗಡಿ ಬೀದಿಗಳಲ್ಲಿ ಅಗಲ ಇನ್ನೂ ಜಾಸ್ತಿ ಬೇಕು. ಕರ್ಬಿನ ಎತ್ತರ 15 ಸೆಂಟಿಮೀಟರ್ ದಾಟಬಾರದು. ನಮ್ಮ ಎಷ್ಟೋ ಫುಟ್‌ಪಾತ್‌ಗಳು ಮೊಣಕಾಲಿನ ಹತ್ತಿರಕ್ಕೆ ಬರುತ್ತವೆ, ಅಲ್ವಾ? ವಯಸ್ಸಾದವರು ಅದನ್ನು ಹತ್ತುವುದಕ್ಕಿಂತ ರಸ್ತೆಯಲ್ಲೇ ನಡೆಯುವುದು ಮೇಲು ಅಂದುಕೊಳ್ಳುವುದು ಇದಕ್ಕೇ.

ಇನ್ನೊಂದು ಅಳತೆಗೆ ಟೇಪು ಬೇಡ, ಕಣ್ಣು ಸಾಕು. ಮಳೆ ನಿಂತು ಎರಡು ದಿನ ಆದ ಮೇಲೆ ರಸ್ತೆ ನೋಡಿ. ಚಕ್ರ ಓಡುವ ಕಡೆ ಡಾಂಬರು ಕಪ್ಪಗೆ, ನುಣ್ಣಗೆ ಇರುತ್ತದೆ. ಚಕ್ರ ಹೋಗದ ಕಡೆ ಮಣ್ಣು, ಸಣ್ಣ ಜಲ್ಲಿ, ಒಣಗಿದ ಎಲೆ ಸೇರಿಕೊಂಡು ಗೆರೆ ಎಳೆದ ಹಾಗೆ ಕಾಣುತ್ತದೆ. ಸರ್ಕಲ್ ಮೂಲೆಗಳಲ್ಲಿ, ಡಿವೈಡರ್ ತುದಿಯಲ್ಲಿ, ಬಸ್ ಸ್ಟಾಪಿನ ಆಚೀಚೆ ಇಂಥ ಜಾಗ ಜಾಸ್ತಿ. ಗಾಡಿಗಳೇ ಬೇಡ ಅಂತ ಬಿಟ್ಟ ಜಾಗ ಅದು. ಫೋಟೊ ತೆಗೆದು, ಸೀಮೆಸುಣ್ಣದಲ್ಲಿ ಸುತ್ತುಹಾಕಿ, ಚದರ ಮೀಟರ್ ಲೆಕ್ಕ ಬರೆದುಕೊಳ್ಳಿ. ಸಭೆಯಲ್ಲಿ ಸಾವಿರ ಮಾತು ಆಡುವ ಬದಲು ಈ ಫೋಟೊಗಳನ್ನು ತೋರಿಸಿ.

ಎಣಿಕೆ

ಜಾಗ ಕಡಿಮೆ ಮಾಡಿದರೆ ಟ್ರಾಫಿಕ್ ಜಾಮ್ ಆಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಉತ್ತರ ಎಣಿಕೆಯಲ್ಲಿದೆ. ವಾರದ ನಡುವಿನ ಒಂದು ದಿನ, ಒಂದು ಶನಿವಾರ, ಬೆಳಗ್ಗೆ 9ರಿಂದ 10, ಸಂಜೆ 5.30ರಿಂದ 7.30. ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಸಿವಿಲ್ ವಿಭಾಗದ ಹುಡುಗರನ್ನು ಕೇಳಿದರೆ ಅವರಿಗೆ ಪ್ರಾಜೆಕ್ಟ್ ಆಗುತ್ತದೆ, ನಿಮಗೆ ಕೆಲಸ ಆಗುತ್ತದೆ. ಗಾಡಿಗಳ ಜೊತೆ ನಡೆಯುವವರನ್ನು, ದಾಟುವವರನ್ನು, ಬಸ್ಸಿಗೆ ಕಾಯುವವರನ್ನು ತಪ್ಪದೆ ಎಣಿಸಿ. ಸರ್ಕಾರಿ ಸಮೀಕ್ಷೆಗಳಲ್ಲಿ ಇವರನ್ನು ಎಣಿಸುವುದು ಅಪರೂಪ. ಎಣಿಕೆಗೆ ಸಿಗದವರಿಗೆ ನಕ್ಷೆಯಲ್ಲೂ ಜಾಗ ಸಿಗುವುದಿಲ್ಲ.

ಎಂಜಿನಿಯರುಗಳು ಎಲ್ಲ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ತರುತ್ತಾರೆ. ಊರೊಳಗಿನ ರಸ್ತೆ ಎಷ್ಟು ಗಾಡಿ ತಾಳುತ್ತದೆ ಎಂದು ಹೇಳುವ ಐಆರ್‌ಸಿ 106ರ ಪ್ರಕಾರ ಬೈಕುಗಳು ಜಾಸ್ತಿ ಇರುವ ರಸ್ತೆಯಲ್ಲಿ ಒಂದು ಬೈಕ್ ಅಂದರೆ ಮುಕ್ಕಾಲು ಕಾರು. ಆಟೊಗಳು ಜಾಸ್ತಿ ಇದ್ದರೆ ಒಂದಕ್ಕೆ ಎರಡು ಕಾರು. ಬಸ್ಸುಗಳು ಕಡಿಮೆ ಇದ್ದರೆ ಒಂದಕ್ಕೆ 2.2. ಒಂದು ಉದಾಹರಣೆ ಹಾಕೋಣ. ಹದಿನೈದು ನಿಮಿಷದಲ್ಲಿ ಎರಡೂ ದಿಕ್ಕು ಸೇರಿ 300 ಬೈಕ್, 100 ಕಾರು, 60 ಆಟೊ, 12 ಬಸ್ ಹೋದವು ಅಂತಿಟ್ಟುಕೊಳ್ಳಿ. 225, 100, 120, 26. ಒಟ್ಟು 471. ಗಂಟೆಗೆ ಸುಮಾರು 1,900. ಅದೇ ಐಆರ್‌ಸಿ ಕೋಷ್ಟಕದಲ್ಲಿ ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆ, ಅಡ್ಡ ತಿರುವು ಸ್ವಲ್ಪ ಜಾಸ್ತಿ ಇದ್ದರೂ, ಗಂಟೆಗೆ 2,900 ತಾಳುತ್ತದೆ ಎಂದಿದೆ. ಅಂದರೆ ಇಷ್ಟು ಗಾಡಿಗೆ ನಾಲ್ಕು ಲೇನ್ ಧಾರಾಳ. ಐದನೆಯ, ಆರನೆಯ ಲೇನಿನಷ್ಟು ಅಗಲ ಇದ್ದರೆ ಅದು ಸುಮ್ನೆ ಬಿದ್ದಿರುವ ಜಾಗ, ಇಲ್ಲವೇ ಅಡ್ಡಾದಿಡ್ಡಿ ಪಾರ್ಕಿಂಗ್. ನಿಮ್ಮ ಎಣಿಕೆ ಏನು ಹೇಳುತ್ತದೆಯೋ ಅದನ್ನೇ ನಂಬಿ. ಲೆಕ್ಕ ಮಿತಿ ದಾಟಿದರೆ ಆ ತುಂಡನ್ನು ಬಿಟ್ಟು ಬೇರೆಯದನ್ನು ಹಿಡಿಯಿರಿ.

ಹಂಚಿಕೆ ಹೀಗೆ ಮಾಡಿ

ಕಟ್ಟಡದಿಂದ ಕಟ್ಟಡಕ್ಕೆ 30 ಮೀಟರ್ ಸಿಕ್ಕಿತು ಅಂದುಕೊಳ್ಳೋಣ. ಅಂಗಡಿ ಬಾಗಿಲಿನಿಂದ ಹೊರಡೋಣ.

ಬಾಗಿಲಿಗೆ ಹೊಂದಿದ ಮೊದಲ ಒಂದು ಮೀಟರ್ ಅಂಗಡಿಯವರ ಮೆಟ್ಟಿಲು, ಬೋರ್ಡು, ನೋಡುತ್ತ ನಿಲ್ಲುವ ಗಿರಾಕಿಗಳಿಗೆ. ಈ ಮೀಟರನ್ನು ಬಿಡದಿದ್ದರೆ ಅದು ನಡೆಯುವ ದಾರಿಯನ್ನು ತಿನ್ನುತ್ತದೆ. ಆಮೇಲೆ 3 ಮೀಟರ್ ನಡೆಯಲಿಕ್ಕೆ, ಅದರಲ್ಲಿ ಏನೂ ಇರಬಾರದು. ನಂತರ 1.5 ಮೀಟರ್ ಪಟ್ಟಿಯಲ್ಲಿ ಮರ, ಬೆಂಚು, ದೀಪದ ಕಂಬ, ಟ್ರಾನ್ಸ್‌ಫಾರ್ಮರ್, ತಳ್ಳುಗಾಡಿ. ಅದರಾಚೆ 2.3 ಮೀಟರ್ ಪಟ್ಟಿಯಲ್ಲಿ ಒಂದು ಕಡೆ ಬಸ್ ಸ್ಟಾಪು, ಒಂದು ಕಡೆ ಆಟೊ ನಿಲ್ದಾಣ, ಒಂದು ಕಡೆ ಸಾಮಾನು ಇಳಿಸುವ ಜಾಗ, ಉಳಿದಲ್ಲಿ ಬೈಕ್ ಪಾರ್ಕಿಂಗ್. ಹೀಗೆ ಒಂದು ಬದಿಗೆ 7.8 ಮೀಟರ್, ಎರಡು ಬದಿಗೆ 15.6.

ಉಳಿದದ್ದು 14.4 ಮೀಟರ್. ನಡುವೆ 1.8 ಮೀಟರಿನ ಡಿವೈಡರ್. ಅದರ ಎರಡೂ ಕಡೆ ತಲಾ 6.3 ಮೀಟರ್: ಡಿವೈಡರ್ ಬದಿಗೆ 3 ಮೀಟರಿನ ಲೇನು, ಫುಟ್‌ಪಾತ್ ಬದಿಗೆ ಬಸ್ಸು ಬರುವುದರಿಂದ 3.3 ಮೀಟರಿನ ಲೇನು. ಬಸ್ಸಿನ ಮೈ ಅಗಲ ಸುಮಾರು ಎರಡೂವರೆ ಮೀಟರ್, ಹಾಗಾಗಿ ಇಷ್ಟು ಸಾಕು. ನಾಲ್ಕು ಲೇನ್ ಉಳಿದೇ ಉಳಿಯಿತು. ಬಸ್ ಸ್ಟಾಪು, ಪಾರ್ಕಿಂಗ್ ಪಟ್ಟಿಯೂ ಸೇರಿ ಎರಡು ಬದಿಗೆ ರಸ್ತೆಯ ಅರ್ಧಕ್ಕಿಂತ ಜಾಸ್ತಿ ಜಾಗ ಸಿಕ್ಕಿತು.

ಲೇನು ಕಿರಿದಾದರೆ ಇನ್ನೊಂದು ಲಾಭ ಇದೆ. ಎದುರಿಗೆ ಅಗಲವಾದ ಖಾಲಿ ಡಾಂಬರು ಕಂಡರೆ ಕಾಲು ತಾನಾಗಿ ಆಕ್ಸಿಲೇಟರ್ ಒತ್ತುತ್ತದೆ. ಕಿರಿದಾದ ಲೇನಿನಲ್ಲಿ, ಪಕ್ಕದಲ್ಲಿ ಮರ, ಜನ ಕಂಡರೆ ಬೋರ್ಡು ಇಲ್ಲದೆಯೂ ವೇಗ ಇಳಿಯುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 8 ಮೀಟರ್ ಹೋಗುತ್ತದೆ. 50ರಲ್ಲಿ ಸುಮಾರು 14 ಮೀಟರ್. ವೇಗ ದುಪ್ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ರಸ್ತೆ ಸುರಕ್ಷತಾ ಸಮ್ಮೇಳನವು ಜನ ಮತ್ತು ಗಾಡಿ ಬೆರೆಯುವ ರಸ್ತೆಗಳಲ್ಲಿ ಗರಿಷ್ಠ ವೇಗ 30 ಇರಲಿ ಎಂದು ಘೋಷಿಸಿತು. ನಮ್ಮ ಊರೊಳಗಿನ ರಸ್ತೆಗೆ ಇದು ತೀರಾ ಸರಿಯಾದ ಮಾತು ಎಂದೇ ನನ್ನ ನಂಬಿಕೆ. ಮೂರು ಕಿಲೋಮೀಟರ್ ಊರು ದಾಟಲು 50ರ ಬದಲು 30ರಲ್ಲಿ ಹೋದರೆ ಜಾಸ್ತಿ ಆಗುವುದು ಎರಡೂವರೆ ನಿಮಿಷದೊಳಗೆ.

ನಿಮ್ಮ ರಸ್ತೆ 24 ಮೀಟರ್ ಇದ್ದರೆ ಮೊದಲು ಪಾರ್ಕಿಂಗ್ ಪಟ್ಟಿಯನ್ನು ಒಂದೇ ಬದಿಗೆ ತನ್ನಿ, ಆಮೇಲೆ ಲೇನುಗಳ ಸಂಖ್ಯೆ ನೋಡಿ. ನಡೆಯುವ ಪಟ್ಟಿಗೆ ಕೊನೆಯವರೆಗೂ ಕೈ ಹಾಕಬೇಡಿ.

ದಾಟುವ ಜಾಗ

ಅಜ್ಜಿಯ ಕಷ್ಟ ಬಗೆಹರಿಯುವುದು ಇಲ್ಲಿ. ರಸ್ತೆ ದಾಟುವ ವೇಗವನ್ನು ಎಂಜಿನಿಯರುಗಳು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಮಂಡಿ ನೋವಿರುವವರು 0.8 ಮೀಟರ್ ಹೋದರೆ ಹೆಚ್ಚು. 14.4 ಮೀಟರನ್ನು ಒಂದೇ ಉಸಿರಿಗೆ ದಾಟಲು ಅವರಿಗೆ 18 ಸೆಕೆಂಡ್ ಬೇಕು. ನಡುವೆ ನಿಲ್ಲಲು ಡಿವೈಡರಿನಲ್ಲಿ ಸಮತಟ್ಟಾದ ತೆರಪು ಇದ್ದರೆ ಒಮ್ಮೆಗೆ 8 ಸೆಕೆಂಡ್, ಅದೂ ಒಂದೇ ಕಡೆಯ ಗಾಡಿ ನೋಡಿದರೆ ಸಾಕು. 1.8 ಮೀಟರ್ ಇದ್ದರೆ ಗಾಲಿಕುರ್ಚಿಯೂ ಮಗುವಿನ ಕೈ ಹಿಡಿದ ತಾಯಿಯೂ ನೆಮ್ಮದಿಯಾಗಿ ನಿಲ್ಲಬಹುದು.

ಝೀಬ್ರಾ ಪಟ್ಟೆಯನ್ನು ಜನ ದಾಟುವ ಕಡೆ ಬಳಿಯಿರಿ. ಡಿವೈಡರಿನ ಗ್ರಿಲ್ ಎಲ್ಲಿ ಬಗ್ಗಿದೆಯೋ, ಹುಲ್ಲು ಎಲ್ಲಿ ಸವೆದಿದೆಯೋ ಅದೇ ಜನ ಆರಿಸಿಕೊಂಡ ದಾರಿ. ಅದನ್ನು ಮುಚ್ಚಿ 200 ಮೀಟರ್ ಆಚೆ ದಾಟಿ ಅಂದರೆ ಯಾರೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಶಾಲೆ, ಆಸ್ಪತ್ರೆ, ಬಸ್ ಸ್ಟಾಪಿನ ಮುಂದೆ ಪಟ್ಟೆಯ ಜಾಗವನ್ನೇ ಫುಟ್‌ಪಾತಿನ ಎತ್ತರಕ್ಕೆ ಏರಿಸಿ. ಮೇಲೆ ಸಮತಟ್ಟು, ಎರಡೂ ಕಡೆ ಇಳಿಜಾರು. ಗಾಡಿಗಳು ನಿಧಾನ ಆಗಲೇಬೇಕು, ನಡೆಯುವವರು ಇಳಿದು ಹತ್ತಬೇಕಾಗಿಲ್ಲ. ಫುಟ್‌ಪಾತ್ ಇಳಿಯುವ ಕಡೆ ಇಳಿಜಾರು 12ಕ್ಕೆ 1 ಇರಲಿ, ಅಂದರೆ 15 ಸೆಂಟಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದ. ಕಣ್ಣು ಕಾಣದವರಿಗೆ ಉಬ್ಬು ಗೆರೆಯ ಟೈಲು ಹಾಕುವಾಗ ಅದು ಕಂಬಕ್ಕೆ ಹೋಗಿ ಮುಟ್ಟುವಂತೆ ಹಾಕಬೇಡಿ. ಹಾಗೆ ಹಾಕಿದ್ದನ್ನು ಕರ್ನಾಟಕದ ಹಲವು ಊರುಗಳಲ್ಲಿ ಕಂಡು ಹೊಟ್ಟೆ ಉರಿದಿದೆ.

ಸರ್ಕಲ್ ಮೂಲೆಗಳನ್ನು ಬಿಗಿ ಮಾಡಿ. ಮೂಲೆ ಅಗಲವಾಗಿ ಉರುಟಾಗಿದ್ದರೆ ಎಡಕ್ಕೆ ತಿರುಗುವ ಗಾಡಿ ಬ್ರೇಕನ್ನೇ ಹಿಡಿಯುವುದಿಲ್ಲ. ಮೂಲೆ ಬಿಗಿಯಾದರೆ ತಿರುವು ನಿಧಾನ, ದಾಟುವ ದೂರವೂ ಕಡಿಮೆ. ಮಣ್ಣು ಕೂತ ಗೆರೆಯ ಫೋಟೊ ತೆಗೆದಿರಿ ಅಲ್ವಾ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಎಷ್ಟು ಬಿಗಿ ಅನ್ನುವುದಕ್ಕೆ ಊಹೆ ಬೇಡ. ಕೆಎಸ್‌ಆರ್‌ಟಿಸಿ ಡಿಪೊದವರನ್ನು ಕೇಳಿ, ಸುಣ್ಣದ ಗೆರೆ ಹಾಕಿ, ಬೆಳಗಿನ ಜಾವ ಒಂದು ಬಸ್ಸನ್ನು ತಿರುಗಿಸಿ ನೋಡಿ. ಅಗ್ನಿಶಾಮಕದವರ ಗಾಡಿಯನ್ನೂ ಹಾಗೇ. ಹಿಮ್ಸ್ ಆಸ್ಪತ್ರೆ ಕಡೆಗೆ ಹೋಗುವ ಆಂಬುಲೆನ್ಸಿಗೆ ಎಲ್ಲೂ ತಡೆಯಾಗದ ಹಾಗೆ ಕೆಲವು ಕಡೆ ಡಿವೈಡರನ್ನು ಗಾಡಿ ಹತ್ತುವಷ್ಟು ತಗ್ಗಾಗಿ ಇಡಿ.

ಅಂಗಡಿಯವರು, ತಳ್ಳುಗಾಡಿಯವರು, ಆಟೊದವರು

ನಕ್ಷೆ ಮುಗಿಸಿಕೊಂಡು ಇವರ ಹತ್ತಿರ ಹೋದರೆ ಜಗಳ ಖಂಡಿತ. ಅಳತೆಯ ದಿನವೇ ಮಾತಾಡಿ. ಅಂಗಡಿಯವರ ಭಯ ಒಂದೇ, ಪಾರ್ಕಿಂಗ್ ಹೋದರೆ ವ್ಯಾಪಾರ ಹೋಗುತ್ತದೆ ಅನ್ನುವುದು. ಅದನ್ನು ತಳ್ಳಿಹಾಕಬೇಡಿ. ಅವರ ಅಂಗಡಿ ಮುಂದೆಯೇ ನಿಂತು ಬರುವ ಗಿರಾಕಿಗಳನ್ನು ಕೇಳಿ: ನಡೆದು ಬಂದಿರಾ, ಬಸ್ಸಿನಲ್ಲಾ, ಬೈಕಿನಲ್ಲಾ, ಕಾರಿನಲ್ಲಾ? ಬಂದ ಅಂಕಿಯನ್ನು ಅಂಗಡಿಯವರ ಕೈಗೇ ಕೊಡಿ. ಇನ್ನೊಂದನ್ನೂ ಗಮನಿಸಿ: ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲಾಡದೆ ನಿಲ್ಲುವ ಗಾಡಿ ಎಷ್ಟೋ ಸಲ ಅಂಗಡಿಯವರದ್ದೇ, ಇಲ್ಲವೇ ಪಕ್ಕದ ಕಚೇರಿಯವರದ್ದು. ಒಂದು ಕಾರಿನ ಜಾಗದಲ್ಲಿ ಐದು ಬೈಕ್ ನಿಲ್ಲುತ್ತವೆ. ಹಾಗಾಗಿ ರಸ್ತೆಯಂಚಿನ ಪಾರ್ಕಿಂಗಿಗೆ ಹೊತ್ತಿನ ಮಿತಿ ಹಾಕಿ, ಇಡೀ ದಿನ ನಿಲ್ಲುವ ಗಾಡಿಗಳಿಗೆ ಒಳರಸ್ತೆಯಲ್ಲಿ ಜಾಗ ತೋರಿಸಿ. ಸಾಮಾನು ಇಳಿಸುವುದು ಬೆಳಗ್ಗೆ ಒಂಬತ್ತರೊಳಗೆ ಮುಗಿಯಲಿ.

ತಳ್ಳುಗಾಡಿಯವರನ್ನು ಎಬ್ಬಿಸಿ ರಸ್ತೆ ಚಂದ ಮಾಡುವ ಯೋಜನೆಗೆ ನನ್ನ ಬೆಂಬಲ ಇಲ್ಲ. ಸಂಜೆ ಹೊತ್ತು ಚುರುಮುರಿ, ಹುರಿದ ಕಡಲೆಕಾಯಿ, ಕಾಫಿ ಇಲ್ಲದ ಬೀದಿಗೆ ಜನ ಯಾಕೆ ಬರಬೇಕು? ದೀಪ ಹಚ್ಚಿಕೊಂಡ ಗಾಡಿಯೊಂದು ಇದ್ದರೆ ರಾತ್ರಿ ಒಂಬತ್ತಕ್ಕೆ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಎಷ್ಟೋ ಧೈರ್ಯ. ಕಾನೂನೂ ಇವರ ಪರವೇ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಆ ಸಮಿತಿ ಮುಂದೆ ನಕ್ಷೆ ಇಟ್ಟು ಒಂದೂವರೆ ಮೀಟರ್ ಪಟ್ಟಿಯಲ್ಲಿ ಯಾರ ಗಾಡಿ ಎಲ್ಲಿ ಅಂತ ಅವರ ಬಾಯಿಂದಲೇ ಹೇಳಿಸಿ. ಗಾಡಿಯ ಮುಖ ಯಾವ ಕಡೆ, ಗಿರಾಕಿ ಎಲ್ಲಿ ನಿಲ್ಲುತ್ತಾನೆ, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದೆಲ್ಲ ಅವರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ.

ಸುಣ್ಣ, ಮರಳು ಮೂಟೆ, ಎರಡು ವಾರ

ಕಲ್ಲು ಕೂರಿಸುವ ಮೊದಲು ಪರೀಕ್ಷೆ ಮಾಡಿ. ಈ ಥರ ತಾತ್ಕಾಲಿಕ ಬದಲಾವಣೆ ಹಾಸನಕ್ಕೆ ಹೊಸದೇನಲ್ಲ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಬ್ಯಾರಿಕೇಡ್ ನಿಲ್ಲುತ್ತವೆ, ಗಾಡಿಗಳ ದಾರಿ ಬದಲಾಗುತ್ತದೆ, ಲಕ್ಷಾಂತರ ಜನ ನಡೆದಾಡುತ್ತಾರೆ. ಊರು ಹೊಂದಿಕೊಳ್ಳುತ್ತದೆ. ಆದರೆ ನಿಮ್ಮ ಪರೀಕ್ಷೆಯನ್ನು ಆ ದಿನಗಳಲ್ಲಿ ಇಟ್ಟುಕೊಳ್ಳಬೇಡಿ. ಜಾತ್ರೆಯ ಲೆಕ್ಕ ಮಾಮೂಲಿ ದಿನಕ್ಕೆ ಹೊಂದುವುದಿಲ್ಲ. ಜನವರಿ, ಫೆಬ್ರುವರಿ ಒಳ್ಳೆಯದು. ಮಳೆ ಇಲ್ಲ, ಶಾಲೆ ಕಾಲೇಜು ನಡೆಯುತ್ತಿರುತ್ತವೆ.

ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಇಬ್ಬರಿಗೂ ಬರೆಯಿರಿ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇಂಥ ಪ್ರಸ್ತಾವ ಇಡಲು ಸರಿಯಾದ ಜಾಗ. ಒಪ್ಪಿಗೆ ಸಿಕ್ಕ ಮೇಲೆ ಬಣ್ಣದಲ್ಲಿ ಹೊಸ ಅಂಚು ಎಳೆದು, ಮರಳು ಮೂಟೆ, ಪ್ಲಾಸ್ಟಿಕ್ ಕೋನು, ಮಣ್ಣು ತುಂಬಿದ ಹಳೇ ಡ್ರಮ್ಮು ಇಡಿ. ಡ್ರಮ್ಮಿಗೆ ಹೊಳೆಯುವ ಪಟ್ಟಿ ಅಂಟಿಸುವುದು ಮರೆಯಬೇಡಿ, ರಾತ್ರಿ ಬೈಕಿನವರಿಗೆ ಕಾಣಬೇಕು. ಹೊಸದಾಗಿ ಸಿಕ್ಕ ಜಾಗದಲ್ಲಿ ಬೆಂಚು, ಕುಂಡ, ಪೆಂಡಾಲಿನವರಿಂದ ಬಾಡಿಗೆಗೆ ತಂದ ಕುರ್ಚಿ. ಒಂದು ಸಂಜೆ ಮಕ್ಕಳಿಗೆ ಚಿತ್ರ ಬಿಡಿಸಲು ಕೊಡಿ, ಇನ್ನೊಂದು ಸಂಜೆ ಯಾರಾದರೂ ಡೊಳ್ಳಿನವರನ್ನು ಕರೆಯಿರಿ.

ಮೊದಲ ಮೂರು ದಿನ ಗೊಂದಲ ಇದ್ದೇ ಇರುತ್ತದೆ. ಹಾರ್ನು ಜಾಸ್ತಿ, ಬೈಗುಳ ಜಾಸ್ತಿ. ಆ ಮೂರು ದಿನದಲ್ಲೇ ತೆಗೆದುಹಾಕಿ ಅಂತ ಒತ್ತಡ ಬರುತ್ತದೆ. ಹಾಗಾಗಿ ಪೂರ್ತಿ ಎರಡು ವಾರ ನಡೆಯಬೇಕು ಎಂದು ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಎರಡನೇ ವಾರ ಅದೇ ಗಂಟೆಗಳಲ್ಲಿ ಮತ್ತೆ ಎಣಿಸಿ. ಗಾಡಿ ಎಷ್ಟು, ನಡೆಯುವವರು ಎಷ್ಟು, ಬೆಂಚಿನಲ್ಲಿ ಕೂತವರು ಎಷ್ಟು, ಕೂತವರಲ್ಲಿ ಹೆಂಗಸರು, ವಯಸ್ಸಾದವರು ಎಷ್ಟು. ಹೆಂಗಸರು ಒಂದೆಡೆ ಕೂತು ಮಾತಾಡುತ್ತಿದ್ದಾರೆ ಅಂದರೆ ಆ ಜಾಗ ಸುರಕ್ಷಿತ ಅಂತ ಅವರಿಗೆ ಅನ್ನಿಸಿದೆ ಎಂದರ್ಥ. ಎಲ್ಲಿ ಮೂಟೆಗೆ ಪದೇ ಪದೇ ಗಾಡಿ ತಾಗಿದೆಯೋ ಅಲ್ಲಿ ಅಂಚು ಒಂದಡಿ ಹಿಂದೆ ಹೋಗಬೇಕು. ಇಂಥ ತಿದ್ದುಪಡಿ ಸುಣ್ಣದಲ್ಲಿ ಮಾಡಿದರೆ ನೂರು ರೂಪಾಯಿ, ಕಲ್ಲಿನಲ್ಲಿ ಮಾಡಿದರೆ ಲಕ್ಷ.

ಜಾಗ ತೆಗೆದರೆ ಊರು ನಿಂತೇ ಹೋಗುತ್ತದೆ ಅನ್ನುವವರಿಗೆ ಬೇರೆ ಊರುಗಳ ಉದಾಹರಣೆ ಇವೆ. ದಕ್ಷಿಣ ಕೊರಿಯಾದ ಸೋಲ್ ನಗರ 2003ರಿಂದ 2005ರ ನಡುವೆ ಊರ ನಡುವಿನ ಮೇಲ್ಸೇತುವೆ ಹೆದ್ದಾರಿಯನ್ನೇ ಕೆಡವಿ, ಅದರಡಿ ಮುಚ್ಚಿಹೋಗಿದ್ದ ಚೊಂಗ್‌ಗೆಚನ್ ಹೊಳೆಯನ್ನು ತೆರೆದು 5.8 ಕಿ.ಮೀ. ಉದ್ದಕ್ಕೆ ಜನ ನಡೆಯುವ ಜಾಗ ಮಾಡಿತು. ನಮಗೆ ಹತ್ತಿರದ್ದು ಚೆನ್ನೈನ ಪಾಂಡಿ ಬಜಾರ್. ಕಿಕ್ಕಿರಿದ ಅಂಗಡಿ ಬೀದಿಯ ಫುಟ್‌ಪಾತನ್ನು ಅಗಲ ಮಾಡಿ 2019ರಲ್ಲಿ ಜನರಿಗೆ ತೆರೆದರು, ಅಲ್ಲೂ ಮೊದಲು ತಾತ್ಕಾಲಿಕ ಪರೀಕ್ಷೆ ನಡೆದಿತ್ತು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಹೊಸ ರೂಪ ಪಡೆಯಿತು. ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠ ಇದೆ: ಗಾಡಿ ಓಡುವ ಕಡೆ ಸಣ್ಣ ಕಲ್ಲು ಜೋಡಿಸಿದರೆ ಅವು ಎದ್ದು ಬರುತ್ತವೆ. ಚಕ್ರಕ್ಕೆ ಡಾಂಬರು ಅಥವಾ ಕಾಂಕ್ರೀಟ್, ಕಾಲಿಗೆ ಕಲ್ಲು.

ನೆಲದಡಿ ಮತ್ತು ನೆಲದ ಮೇಲೆ

ಹಾಸನದ ಮಳೆ ಜಡಿಮಳೆ. ಜೂನ್‌ನಿಂದ ವಾರಗಟ್ಟಲೆ ಬಿಡದೆ ಹಿಡಿಯುತ್ತದೆ. ಹೊಳೆಯುವ ಟೈಲ್ಸ್ ಹಾಕಿದರೆ ಎಷ್ಟು ಜನ ಜಾರುತ್ತಾರೋ! ಒರಟು ಮೈ ಇರುವ ಗ್ರಾನೈಟ್ ಚಪ್ಪಡಿ ಅಥವಾ ಗೆರೆ ಎಳೆದ ಕಾಂಕ್ರೀಟ್ ಸಾಕು. ಫುಟ್‌ಪಾತ್ ರಸ್ತೆ ಕಡೆಗೆ 50ಕ್ಕೆ 1ರಷ್ಟು ವಾಲಿರಲಿ. ಏರಿಸಿದ ಝೀಬ್ರಾ ಪಟ್ಟೆ ಇರುವ ಕಡೆ ಅಂಚಿನಲ್ಲಿ ನೀರು ಹೋಗಲು ದಾರಿ ಬಿಡದಿದ್ದರೆ ಅಲ್ಲೊಂದು ಕೆರೆಯೇ ಆಗುತ್ತದೆ.

ಕಲ್ಲು ಹಾಸುವ ಮೊದಲು ನೆಲದಡಿಯ ಕೆಲಸ ಮುಗಿಯಬೇಕು: ಒಳಚರಂಡಿ (ಯುಜಿಡಿ) ಪೈಪು, ಕುಡಿಯುವ ನೀರು, ಚೆಸ್ಕಾಂನ ಕರೆಂಟ್ ಕೇಬಲ್, ಟೆಲಿಫೋನ್. ಜೊತೆಗೆ ಎರಡು ಖಾಲಿ ಪೈಪು ಹೂತಿಡಿ, ನಾಳೆ ಯಾರಾದರೂ ಕೇಬಲ್ ಎಳೆಯಲು ಬಂದರೆ ಅಗೆಯಬೇಕಾಗಿಲ್ಲ.

ಇರುವ ಮರ ಒಂದೂ ಹೋಗಬಾರದು. ಫುಟ್‌ಪಾತನ್ನೇ ಅದರ ಸುತ್ತ ಬಳಸಿ ಹೋಗುವಂತೆ ಮಾಡಿ. ಕಡಿಯಲೇಬೇಕು ಎಂದು ಯಾರಾದರೂ ಅಂದರೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಎಲ್ಲಿ ಎಂದು ಕೇಳಿ. ಬುಡದ ಕಾಂಕ್ರೀಟನ್ನು ಕೈಯಲ್ಲೇ ಒಡೆಸಿ, ಯಂತ್ರ ಹಾಕಿದರೆ ಬೇರು ಹರಿಯುತ್ತದೆ. ಪ್ರತಿ ಮರಕ್ಕೆ ಒಂದೂಕಾಲು ಮೀಟರ್ ಚದರದ ಬರೀ ಮಣ್ಣು ಬಿಡಿ. ಹೊಸದಾಗಿ ನೆಡಲು ಹೊಂಗೆ, ಬಕುಳ, ಸಂಪಿಗೆ, ಹೊಳೆದಾಸವಾಳ, ಕಕ್ಕೆ ನಮ್ಮ ಹವೆಗೆ ಹೊಂದುತ್ತವೆ. ಗುಲ್‌ಮೊಹರ್ ನೋಡಲು ಚಂದ, ಆದರೆ ಗಾಳಿಮಳೆಗೆ ಕೊಂಬೆ ಮುರಿಯುತ್ತದೆ, ಬಸ್ ಸ್ಟಾಪಿನ ಹತ್ತಿರ ಬೇಡ. ಎಂಟರಿಂದ ಹತ್ತು ಮೀಟರಿಗೊಂದು ಮರ, ಎರಡು ಮರದ ನಡುವೆ ಬೆಂಚು ಅಥವಾ ತಳ್ಳುಗಾಡಿ. ಬೆಂಚಿಗೆ ಒರಗು ಮತ್ತು ಕೈ ಊರುವ ಹಿಡಿ ಎರಡೂ ಬೇಕು, ಎತ್ತರ 45 ಸೆಂಟಿಮೀಟರ್. ವಯಸ್ಸಾದವರು ಆ ಹಿಡಿ ಒತ್ತಿಯೇ ಏಳುವುದು. ದೀಪದ ಕಂಬ ನಾಲ್ಕೈದು ಮೀಟರ್ ಎತ್ತರವಿದ್ದರೆ ಬೆಳಕು ಮರದ ಕೆಳಗೆ ಫುಟ್‌ಪಾತಿಗೇ ಬೀಳುತ್ತದೆ. ಬಸ್ ತಂಗುದಾಣದ ಚಾವಣಿ ಓರೆ ಮಳೆ ತಡೆಯುವಷ್ಟು ಮುಂದಕ್ಕೆ ಬರಬೇಕು. ನೀರಿರುವ ಶೌಚಾಲಯ ಕಿಲೋಮೀಟರಿಗೆ ಒಂದಾದರೂ ಇರಲಿ.

ಕಡತ ಮುಂದೆ ಸಾಗಬೇಕಾದರೆ

ಅಳತೆ, ಎಣಿಕೆ, ಪರೀಕ್ಷೆಗೆ ಮುಂಚಿನ ಮತ್ತು ನಂತರದ ಫೋಟೊ, ಅಂಗಡಿಯವರ ಸಹಿ, ವ್ಯಾಪಾರ ಸಮಿತಿಯ ಒಪ್ಪಿಗೆ, ಒಂದು ಅಡ್ಡಸೀಳು ನಕ್ಷೆ. ಇಷ್ಟನ್ನು ಹತ್ತು ಪುಟದೊಳಗೆ ಜೋಡಿಸಿ ವಾರ್ಡ್ ಸದಸ್ಯರ ಮೂಲಕ ಸಾಮಾನ್ಯ ಸಭೆಗೆ ತನ್ನಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಪಾದಚಾರಿಗಳಿಗೆ ಸರಿಯಾದ ಫುಟ್‌ಪಾತ್ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿದೆ. ಮನವಿಯ ಮೊದಲ ಪುಟದಲ್ಲೇ ಇದನ್ನು ಬರೆಯಿರಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯನ್ನೂ ಸೇರಿಸಿ.

ಹಣ ಒಮ್ಮೆಗೇ ಸಿಗುವುದು ಕಷ್ಟ. ಕಂತಿನಲ್ಲಿ ಕೇಳಿ: ಮೊದಲು ದಾಟುವ ಜಾಗ ಮತ್ತು ಮೂಲೆಗಳು, ಆಮೇಲೆ ಒಂದು ಬದಿಯ ಫುಟ್‌ಪಾತ್, ಆಮೇಲೆ ಇನ್ನೊಂದು. ದಾಟುವ ಜಾಗಕ್ಕೆ ಖರ್ಚು ಕಡಿಮೆ, ಜೀವ ಉಳಿಯುವುದು ಅಲ್ಲೇ. ರಸ್ತೆಗೆ ಹೇಗೂ ಹೊಸದಾಗಿ ಡಾಂಬರು ಹಾಕುವ ವರ್ಷ ಇದ್ದರೆ ಆಗಲೇ ಗೆರೆಗಳನ್ನು ಹೊಸ ಅಳತೆಗೆ ಎಳೆಸಿಕೊಳ್ಳಿ. ಟೆಂಡರ್ ಕರೆಯುವ ಮೊದಲು ಅಂದಾಜುಪಟ್ಟಿಯ ಪ್ರತಿ ಪಡೆದು ಮೂರು ಸಾಲು ಇವೆಯೇ ನೋಡಿ: ಕರ್ಬ್ ಎತ್ತರ 15 ಸೆಂಟಿಮೀಟರ್, ಇಳಿಜಾರು 12ಕ್ಕೆ 1, ನಡೆಯುವ ಪಟ್ಟಿಯಲ್ಲಿ ಕಂಬ ಇಲ್ಲ. ಪುಟಗಟ್ಟಲೆ ಅಂದಾಜಿನಲ್ಲಿ ಈ ಮೂರೇ ಬಿಟ್ಟುಹೋಗುವ ಸಂಭವ ಜಾಸ್ತಿ.

ಕೆಲಸ ನಡೆಯುವಾಗ ವಾರಕ್ಕೊಮ್ಮೆಯಾದರೂ ಟೇಪು ಹಿಡಿದು ಹೋಗಿ. ಕರ್ಬ್ ಕಲ್ಲಿಗೆ ಸಿಮೆಂಟ್ ಗಟ್ಟಿಯಾದ ಮೇಲೆ ತಪ್ಪು ಹೇಳಿದರೆ ಯಾರೂ ಕೀಳುವುದಿಲ್ಲ. ಬುಡ ಹಾಕುವ ದಿನವೇ ಅಳೆಯಿರಿ. ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ದುರಸ್ತಿ ಮಾಡಿಕೊಡಬೇಕಾದ ಅವಧಿ ಎಂದು ಮುಗಿಯುತ್ತದೆ ಎಂದು ಕರಾರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಆ ತಾರೀಖಿಗೆ ಎರಡು ತಿಂಗಳು ಮೊದಲು, ಒಂದು ಮಳೆಗಾಲ ಕಳೆದ ಮೇಲೆ, ಇಡೀ ತುಂಡನ್ನು ನಡೆದು ನೋಡಿ. ಅಲ್ಲಾಡುವ ಚಪ್ಪಡಿ, ನೀರು ನಿಲ್ಲುವ ಜಾಗ, ಒಣಗಿದ ಗಿಡ, ಉರಿಯದ ದೀಪ ಎಲ್ಲವನ್ನೂ ಪಟ್ಟಿ ಮಾಡಿ, ಫೋಟೊ ಸಮೇತ ಎಂಜಿನಿಯರ್ ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.